ಕ್ಲೌಡ್ ಚೇಂಬರ್ ಕಿಟ್: ಪೆಟ್ಟಿಗೆಗೆ ನಾಲ್ಕು ಸ್ಟಾರ್, ಪುಸ್ತಿಕೆಗೆ ಒಂದು

ಬಂಗಾರಪೇಟೆ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಡಿಸೆಂಬರಿನಲ್ಲಿ ₹4,850 ಕೊಟ್ಟು ಆನ್‌ಲೈನಿನಲ್ಲಿ ಈ ಕಿಟ್ ತರಿಸಿದೆ. ಕಾಸ್ಮಿಕ್ ಕಿರಣಗಳ, ಅಂದರೆ ಬಾಹ್ಯಾಕಾಶದಿಂದ ಬರುವ ಕಣಗಳ, ಜಾಡನ್ನು ಕಣ್ಣಾರೆ ನೋಡುವ ಪೆಟ್ಟಿಗೆ ಇದು. ಒಂದಡಿ ಉದ್ದದ ಅಕ್ರಿಲಿಕ್ ಪೆಟ್ಟಿಗೆ, ಕಪ್ಪು ಅಲ್ಯೂಮಿನಿಯಂ ತಟ್ಟೆ, ಒಳಗೆ ಮೇಲ್ಗಡೆ ಅಂಟಿಸಲು ಫೆಲ್ಟ್ ಪಟ್ಟಿ, ಎಲ್‌ಇಡಿ ಟಾರ್ಚು, 12 ಪುಟದ ಪುಸ್ತಿಕೆ, ಇಷ್ಟು ಬರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್, ಡ್ರೈ ಐಸ್ (ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್) ನಾವೇ ಹೊಂದಿಸಿಕೊಳ್ಳಬೇಕು. ಡ್ರೈ ಐಸನ್ನು ನನ್ನ ಹಳೇ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಥರ್ಮಕೋಲ್ ಡಬ್ಬಿಯಲ್ಲಿ ಬೈಕಿಗೆ ಕಟ್ಟಿಕೊಂಡು ತಂದುಕೊಟ್ಟ.

ಮೊದಲ ಸಲ ಕೆಟ್ಟಿತು. ಕಿಟ್ಟಿನಲ್ಲಿ ಕೊಟ್ಟಿದ್ದ ಅಂಟು ಆಲ್ಕೋಹಾಲ್ ತಾಗಿದ್ದೇ ಕರಗಿ, ಪಟ್ಟಿ ತಟ್ಟೆಯ ಮೇಲೆ ಬಿತ್ತು. ಆಲ್ಕೋಹಾಲಿನಲ್ಲಿ ನೆನೆಯಬೇಕಾದ ಬಟ್ಟೆಗೆ ಇಂಥ ಅಂಟು ಕೊಡಬಾರದಿತ್ತು. ಮಕ್ಕಳು ಸಪ್ಪೆ ಮುಖ ಮಾಡಿಕೊಂಡು ಮನೆಗೆ ಹೋದರು. ಬೇರೆ ಅಂಟು ಕಳಿಸುತ್ತೇವೆ ಎಂದ ಕಂಪನಿಯವರು ಇನ್ನೂ ಕಳಿಸಿಲ್ಲ. ನಾನೇ ಆರು ತೂತು ಕೊರೆಸಿ, ತಾಮ್ರದ ತಂತಿಯಲ್ಲಿ ಪಟ್ಟಿ ಬಿಗಿದು, ತೂತಿಗೆ ಎಂ-ಸೀಲ್ ಮೆತ್ತಿದೆ.

ಎರಡನೇ ಸಲ, ಜನವರಿಯ ಒಂದು ಸಂಜೆ, ಕಂಡಿತು. ಹದಿನೈದು ನಿಮಿಷ ಏನೂ ಇಲ್ಲ. ತಟ್ಟೆಯ ಮೇಲೆ ಬೆರಳೆತ್ತರಕ್ಕೆ ಸೋನೆಯಂಥ ಮಂಜು, ಅಷ್ಟೆ. ಆಮೇಲೆ ಒಂದು ಬಿಳಿ ಎಳೆ. ರೇಷ್ಮೆಗೂಡಿನಿಂದ ಬಿಚ್ಚಿದ ನೂಲಿನಷ್ಟು ಸಣ್ಣದು, ಈ ಬದಿಯಿಂದ ಆ ಬದಿಗೆ ನೇರವಾಗಿ ಮೂಡಿ, ಒಂದು ಗಳಿಗೆ ನಿಂತು, ಜೋತು, ಕರಗಿತು. ಅದು ಮ್ಯೂಯಾನ್ ಹಾದುಹೋದ ದಾರಿಯಲ್ಲಿ ಆಲ್ಕೋಹಾಲ್ ಆವಿ ಹನಿಗಟ್ಟಿ ಮೂಡಿದ ಜಾಡು. ಮ್ಯೂಯಾನ್ ಎಂದರೆ, ಬಾಹ್ಯಾಕಾಶದಿಂದ ಬಂದ ಪ್ರೋಟಾನು ನಮ್ಮ ತಲೆಯ ಮೇಲೆ ಸುಮಾರು 15 ಕಿ.ಮೀ. ಎತ್ತರದಲ್ಲಿ ಗಾಳಿಗೆ ಬಡಿದಾಗ ಹುಟ್ಟುವ ಕಣ. ಚಾಚಿದ ಅಂಗೈ ಮೇಲೆ ನಿಮಿಷಕ್ಕೆ ನೂರರ ಆಸುಪಾಸು ಬೀಳುತ್ತವೆ. ಗಿಡ್ಡವಾಗಿ ದಪ್ಪಗೆ ಕಾಣುವ ಗೆರೆಗಳು ಬೇರೆ. ಅವು ಗಾಳಿಯಲ್ಲಿರುವ ರೇಡಾನ್ ಎಂಬ ವಿಕಿರಣಶೀಲ ಅನಿಲ ಉಗುಳುವ ಆಲ್ಫಾ ಕಣಗಳು.

ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ತಾತನನ್ನು ಕರಕೊಂಡು ಬಂದಿದ್ದಳು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಬಗ್ಗಿ ನೋಡುತ್ತಲೇ ಕೇಳಿದರು: "ಟೀಚರಮ್ಮಾ, ಬೊಂಬಾಯಿ ಸೈಂಟಿಸ್ಟುಗಳು ನಮ್ಮ ಜೊತೆ ಕೇಜಲ್ಲಿ ಇಳೀತಿದ್ದದ್ದು ಇದನ್ನ ನೋಡೋಕೇನಾ?"

"ಇದರ ಗಲಾಟೆ ತಪ್ಪಿಸಿಕೊಳ್ಳೋಕೆ ಅಷ್ಟು ಆಳಕ್ಕೆ ಇಳಿದಿದ್ದು ತಾತ" ಎಂದೆ. ನೆಲದಡಿ 2.3 ಕಿ.ಮೀ. ಹೋದರೆ ಮೇಲಿನ ಬಂಡೆ ಈ ಮ್ಯೂಯಾನ್‌ಗಳನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಹಾಗಾಗಿಯೇ 1965ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಾದ ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್‌ನವರು ಸೇರಿ, ಕಾಸ್ಮಿಕ್ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟಿ, ಬಂಡೆಯನ್ನೂ ತೂರಿ ಹೋಗುವ ನ್ಯೂಟ್ರಿನೋ ಎಂಬ ಕಣದ ಗುರುತನ್ನು ನಮ್ಮ ಗಣಿಯಲ್ಲಿ ಹಿಡಿದರು. ತಾತ ಆಮೇಲೆ ಹತ್ತು ನಿಮಿಷ ಕತ್ತೆತ್ತಲಿಲ್ಲ.

ಈಗ ಪುಸ್ತಿಕೆಯ ವಿಷಯ. ನಾಲ್ಕನೇ ಪುಟದಲ್ಲಿ "ಈ ಕಿರಣಗಳು ಸೂರ್ಯನಿಂದ ಬರುತ್ತವೆ" ಎಂದು ಅಚ್ಚಾಗಿದೆ. ಇದನ್ನು ನಾನು ಬಿಡುವುದಿಲ್ಲ. ಕೋಲಾರ ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರ. ನೆಟ್ಟಗೆ ಮೇಲಿಂದ ಬರುವ ಪ್ರೋಟಾನು ಇಲ್ಲಿನ ವಾತಾವರಣ ಮುಟ್ಟಬೇಕಾದರೆ ಸುಮಾರು 1,700 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಇರಬೇಕು. ಕಡಿಮೆಯಿದ್ದರೆ ಭೂಮಿಯ ಕಾಂತಕ್ಷೇತ್ರ ಬಾಗಿಸಿ ಆಚೆ ಕಳಿಸುತ್ತದೆ. ಸೂರ್ಯನ ಕಣಗಳಿಗೆ ಅಷ್ಟು ಕಸುವು ಬರುವುದು ತೀರ ಅಪರೂಪ. ನಮ್ಮ ಪೆಟ್ಟಿಗೆಯ ಗೆರೆಗಳ ಮೂಲ ಸೌರಮಂಡಲದ ಆಚೆಯದು. ಅದಕ್ಕೆ ವಿಜ್ಞಾನಿಗಳು ಮುಖ್ಯವಾಗಿ ಬೊಟ್ಟು ಮಾಡುವುದು ಸಿಡಿದ ನಕ್ಷತ್ರಗಳ ಅವಶೇಷಗಳ ಕಡೆಗೆ, ಅಂದರೆ ಸೂಪರ್‌ನೋವಾ ಸಿಡಿದು ನೂರಾರು, ಸಾವಿರಾರು ವರ್ಷ ಹಿಗ್ಗುತ್ತಲೇ ಇರುವ ಅನಿಲದ ಚಿಪ್ಪುಗಳ ಕಡೆಗೆ.

ಕಣಕ್ಕೆ ವೇಗ ಹೇಗೆ ಬರುತ್ತದೆ ಎಂದು ಮಕ್ಕಳಿಗೆ ಹೀಗೆ ಹೇಳಿದೆ. ಎದುರಿಗೆ ಬರುತ್ತಿರುವ ಟೊಮೇಟೊ ಲಾರಿಯ ಮೂತಿಗೆ ರಬ್ಬರ್ ಚೆಂಡು ಬಡಿದರೆ, ಎಸೆದದ್ದಕ್ಕಿಂತ ಜೋರಾಗಿ ವಾಪಸ್ ಬರುತ್ತದೆ. ಅವಶೇಷದ ಅಂಚಿನ ಆಘಾತದ ಅಲೆಯ ಎರಡೂ ಬದಿಗೆ ಸಿಕ್ಕುಸಿಕ್ಕಾದ ಕಾಂತಕ್ಷೇತ್ರ ಇರುತ್ತದೆ, ಅದೇ ಲಾರಿಯ ಮೂತಿಯಂತೆ ಪ್ರೋಟಾನನ್ನು ಪುಟಿಸುತ್ತದೆ. ಪ್ರೋಟಾನು ಯಾವ ಬದಿಯಲ್ಲಿದ್ದರೂ ಆಚೆ ಬದಿಯ ಅನಿಲ ಅದರ ಎದುರಿಗೇ ನುಗ್ಗಿ ಬರುತ್ತಿರುತ್ತದೆ. ಹಾಗಾಗಿ ದಾಟಿದಾಗಲೆಲ್ಲ ಲಾಭವೇ. ಅಲೆಯ ವೇಗ ಸೆಕೆಂಡಿಗೆ 3,000 ಕಿ.ಮೀ. ಇದ್ದರೆ, ಹೋಗಿಬರುವ ಒಂದು ಸುತ್ತಿಗೆ ಸಿಗುವುದು ನೂರಕ್ಕೆ ಒಂದು ರೂಪಾಯಿ ಬಡ್ಡಿ. ಆದರೆ ಅದು ಚಕ್ರಬಡ್ಡಿ. ಜೊತೆಗೆ ಪ್ರತಿ ಸುತ್ತಿಗೂ ನೂರರಲ್ಲಿ ಒಂದರಷ್ಟು ಕಣ ಅಲೆಯ ಹಿಂದೆ ಉಳಿದು ಕೈತಪ್ಪುತ್ತವೆ. ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು: ಸುಮಾರು 230 ಸುತ್ತಿಗೆ ಶಕ್ತಿ ಹತ್ತು ಪಟ್ಟು, ಅಷ್ಟರಲ್ಲಿ ಆಟದಲ್ಲಿ ಉಳಿದ ಕಣ ಹತ್ತರಲ್ಲಿ ಒಂದು. ಕಸುವು ಹೆಚ್ಚಿದಷ್ಟೂ ಕಣ ವಿರಳವಾಗುವುದು ಹೀಗೆ. 1949ರಲ್ಲಿ ಭೌತವಿಜ್ಞಾನಿ ಎನ್ರಿಕೋ ಫರ್ಮಿ ಹಾಕಿದ ಬುನಾದಿಯ ಮೇಲೆ 1977-78ರಲ್ಲಿ ಕೆಲವರು ಬೇರೆಬೇರೆಯಾಗಿ ಇದೇ ಲೆಕ್ಕಕ್ಕೆ ಬಂದರು.

"ಮಿಸ್, ಅಲ್ಲಿಂದಲೇ ಬಂತು ಅಂತ ಹೇಗೆ ಗೊತ್ತು?" ಎಂದು ಒಬ್ಬ ಕೇಳಿದ. ಒಳ್ಳೇ ಪ್ರಶ್ನೆ. ಪ್ರೋಟಾನು ದಾರಿಯುದ್ದಕ್ಕೂ ಬಾಗಿ ಬಾಗಿ ಬರುವುದರಿಂದ ದಿಕ್ಕು ಕೇಳಿ ಪ್ರಯೋಜನವಿಲ್ಲ. ಆದರೆ ಅವಶೇಷದ ಪಕ್ಕದ ಅನಿಲಕ್ಕೆ ಅದು ಬಡಿದಾಗ ಪಯಾನ್ ಎಂಬ ಅಲ್ಪಾಯುಷಿ ಕಣ ಹುಟ್ಟಿ, ಒಡೆದು, ಗಾಮಾ ಕಿರಣವಾಗುತ್ತದೆ. ಅದು ನೆಟ್ಟಗೆ ಬರುತ್ತದೆ. ಐಸಿ 443, ಡಬ್ಲ್ಯೂ 44 ಎಂಬ ಎರಡು ಅವಶೇಷಗಳಲ್ಲಿ ಆ ಗುರುತು ಸಿಕ್ಕಿದ್ದನ್ನು ಗಾಮಾ ಕಿರಣ ನೋಡುವ ಫರ್ಮಿ ಉಪಗ್ರಹದ ತಂಡ 2013ರಲ್ಲಿ ಪ್ರಕಟಿಸಿತು. ಐಸಿ 443 ಇರುವುದು ಮಿಥುನ ರಾಶಿಯಲ್ಲಿ. ಆ ರಾತ್ರಿ ಟೆರೇಸಿಗೆ ಹೋಗಿ ಆ ಜಾಗ ತೋರಿಸಿದೆ. ಬರಿಗಣ್ಣಿಗೆ ಅವಶೇಷ ಕಾಣುವುದಿಲ್ಲ. ಆದರೂ ಎಲ್ಲರೂ ಬಹಳ ಹೊತ್ತು ಅತ್ತಲೇ ನೋಡಿದರು.

ಶಾಲೆಗಳವರು ಧೈರ್ಯವಾಗಿ ಕೊಳ್ಳಿ. ಅಂಟು ನಂಬಬೇಡಿ, ತಂತಿಯಲ್ಲೇ ಕಟ್ಟಿ. ಡ್ರೈ ಐಸ್ ಬರಿಗೈಯಲ್ಲಿ ಮುಟ್ಟುವುದು ಬೇಡ. ಅದರ ಗಾಳಿ ಕೋಣೆಯಲ್ಲಿ ತುಂಬದಂತೆ ಬಾಗಿಲು ತೆರೆದಿರಲಿ. ಆಲ್ಕೋಹಾಲ್ ಹತ್ತಿರ ಬೆಂಕಿ ಸುಳಿಯಬಾರದು. ತಟ್ಟೆ ಮಟ್ಟಸವಾಗಿರಲಿ, ಟಾರ್ಚು ಪಕ್ಕದಿಂದ ಬೀಳಲಿ. ಹತ್ತು ನಿಮಿಷಕ್ಕೆ ಏನೂ ಕಾಣಲಿಲ್ಲ ಎಂದು ಎದ್ದು ಹೋಗಬೇಡಿ, ಇನ್ನೈದು ನಿಮಿಷ ಕೂತಿರಿ.