ದಿನವೂ ಒಂದು ಗಂಟೆಯ ನಡಿಗೆಯೋ, ವಾರಕ್ಕೆ ಮೂರು ದಿನದ ಓಟವೋ?

ಉಡುಪಿಯ ಪದವಿಪೂರ್ವ ವಿದ್ಯಾರ್ಥಿಯೊಬ್ಬರು, ದಿನವೂ ಒಂದು ಗಂಟೆ ಬಿರುಸಾಗಿ ನಡೆಯುವುದೋ, ವಾರಕ್ಕೆ ಮೂರು ದಿನ ಅಜ್ಜರಕಾಡು ಕ್ರೀಡಾಂಗಣದಲ್ಲಿ ವೇಗವಾಗಿ ಓಡುವುದೋ ಎಂದು ಕೇಳಿದ್ದಾರೆ. 5ರಿಂದ 17 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯನ್ನೂ ವಾರಕ್ಕೆ ಕನಿಷ್ಠ 3 ದಿನ ತೀವ್ರ ವ್ಯಾಯಾಮವನ್ನೂ ಸೂಚಿಸುತ್ತದೆ. ಹೃದಯವು ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣವನ್ನು ಹೆಚ್ಚಿಸಿ, ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಮಟ್ಟವನ್ನು ಏರಿಸುವುದರಲ್ಲಿ, ಅಷ್ಟೇ ಹೊತ್ತಿನ ನಡಿಗೆಗಿಂತ ಓಟವೇ ಮುಂದು. ಬಿಡುವು ಕಡಿಮೆಯಿರುವವರಿಗೆ ಅದು ಅನುಕೂಲ. ಆದರೆ ಅಭ್ಯಾಸವಿಲ್ಲದವರು ಒಮ್ಮೆಲೇ ಪ್ರಮಾಣ ಹೆಚ್ಚಿಸಿದರೆ ಮೊಣಕಾಲು, ಮೀನಖಂಡಗಳು ನೋಯುತ್ತವೆ. ಕರಾವಳಿಯ ಸೆಕೆಯಲ್ಲಂತೂ ಬೆವರು ಬೇಗ ಆರದೆ ಮೈ ಕಾಯುತ್ತದೆ. ಅಂಥವರು ಮಲ್ಪೆ ತೀರದ ನಡಿಗೆಯಿಂದ ಆರಂಭಿಸುವುದು ಲೇಸು. ಖರ್ಚು ಎರಡಕ್ಕೂ ಒಂದು ಜೊತೆ ಶೂ ಅಷ್ಟೇ. ಉಬ್ಬಸವಿರುವವರು ಓಟಕ್ಕೆ ಮುನ್ನ ವೈದ್ಯರನ್ನು ಕೇಳಬೇಕು. ತುಳುನಾಡಿನ ಮಳೆಗಾಲದ ತಿಂಗಳಾದ ಆಟಿಯ ಮಳೆಗೆ ಎರಡೂ ತಪ್ಪುತ್ತವೆ. ಆಗ ಚಾವಡಿಯಲ್ಲಿ ಸ್ಕಿಪ್ಪಿಂಗ್ ಮಾಡಬಹುದು.