ಬ್ಯಾಂಕಿನ ಬೋರ್ಡು ಬದಲಾಯಿತು, ಹೊಸ ಡೆಬಿಟ್ ಕಾರ್ಡ್ ಬಂತು: ರೂಪೇ, ವೀಸಾ, ಮಾಸ್ಟರ್‌ಕಾರ್ಡ್‌ನಲ್ಲಿ ಯಾವುದನ್ನು ಕೇಳಿ ಪಡೆಯಬೇಕು?

ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಹೋದವು. ಎಲ್ಲವೂ ನಡೆದದ್ದು ಏಪ್ರಿಲ್ 1ರಂದು. ಈ ನೆಲದಲ್ಲೇ ಹುಟ್ಟಿದ ನಾಲ್ಕು ಬ್ಯಾಂಕುಗಳ ಬೋರ್ಡು ಮೂರು ವರ್ಷದಲ್ಲಿ ಇಳಿಯಿತು.

ಗ್ರಾಹಕರ ಮೊದಲ ಪ್ರತಿಕ್ರಿಯೆ ಹೆಸರಿನ ಬಗ್ಗೆಯೇ ಇತ್ತು. ವಿಜಯಾ ಬ್ಯಾಂಕನ್ನು 1931ರಲ್ಲಿ ಮಂಗಳೂರಿನಲ್ಲಿ ಕಟ್ಟಿದವರು ಅತ್ತಾವರ ಬಾಲಕೃಷ್ಣ ಶೆಟ್ಟರು. ಅದರ ಹೆಸರು ಹೋಗುತ್ತದೆ ಎಂದಾಗ ಕರಾವಳಿಯಲ್ಲಿ ಪ್ರತಿಭಟನೆಗಳೇ ನಡೆದವು. ಸಿಂಡಿಕೇಟಿನ ಪಿಗ್ಮಿಗೆ ದಿನಾ ನಾಲ್ಕು ಕಾಸು ಕಟ್ಟಿ ಮಗಳ ಮದುವೆ ಮಾಡಿದ ಮನೆಗಳಿರುವ ಊರಲ್ಲಿ ಅದು ಸಹಜ, ಆ ನೋವಿಗೆ ಬೆಲೆ ಇದೆ. ಆದರೆ ಕಾರ್ಡಿನ ಬಣ್ಣ, ಲಾಂಛನದ ಬಗ್ಗೆ ಆಡಿದ ಮಾತಿನ ಕಾಲುಭಾಗವೂ ಅದೇ ಕಾರ್ಡಿನ ಮೂಲೆಯಲ್ಲಿರುವ ನೆಟ್‌ವರ್ಕ್ ಗುರುತಿನ ಬಗ್ಗೆ, ಅಂದರೆ ಹಣ ಸಾಗುವ ಜಾಲ ರೂಪೇಯೋ ವೀಸಾವೋ ಮಾಸ್ಟರ್‌ಕಾರ್ಡೋ ಎಂಬುದರ ಬಗ್ಗೆ ಬರಲಿಲ್ಲ. ಮುಂದಿನ ಐದಾರು ವರ್ಷ ಅಂಗಡಿಯಲ್ಲಿ, ಮೆಟ್ರೋದಲ್ಲಿ, ದುಬೈಯಲ್ಲಿ ಆ ಕಾರ್ಡ್ ಹೇಗೆ ನಡೆಯುತ್ತದೆ ಎಂಬುದು ನಿಂತಿರುವುದು ಆ ಗುರುತಿನ ಮೇಲೆ. ಹಳೆಯದು ವೀಸಾ ಆಗಿದ್ದವರಿಗೂ ಕೇಳದೆ ರೂಪೇ ಬರಬಹುದು. ಶಾಖೆಗೆ ಹೋಗಿ ಕೇಳಿದರೆ ಹಲವು ಬ್ಯಾಂಕುಗಳು ಬದಲಿಸಿ ಕೊಡುತ್ತವೆ. ಕ್ರೆಡಿಟ್ ಕಾರ್ಡಿನಲ್ಲಿ ನೆಟ್‌ವರ್ಕ್ ಆಯ್ಕೆಗೆ ರಿಸರ್ವ್ ಬ್ಯಾಂಕಿನ 2024ರ ಆದೇಶದ ಬಲವಿದೆ. ಡೆಬಿಟ್ ಕಾರ್ಡಿಗೆ ಆ ಆದೇಶ ಅನ್ವಯಿಸುವುದಿಲ್ಲ, ಹಾಗಾಗಿ ಬಾಯಿಬಿಟ್ಟು ಕೇಳಲೇಬೇಕು.

ದೇಶದೊಳಗಿನ ಬಳಕೆಗೆ ರೂಪೇ ಸಾಕು. ಎಟಿಎಂ, ಸ್ವೈಪಿಂಗ್ ಮಷೀನ್, ಆನ್‌ಲೈನ್ ಎಲ್ಲ ಕಡೆ ಬಳಸಿ ನೋಡಿದರೆ ಉಳಿದೆರಡಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಅಂಗಡಿಯವರ ಕಡೆ. 2020ರ ಜನವರಿಯಿಂದ ರೂಪೇ ಡೆಬಿಟ್ ಕಾರ್ಡಿಗೆ ವ್ಯಾಪಾರಿ ಶುಲ್ಕ, ಅಂದರೆ ಕಾರ್ಡಿನಲ್ಲಿ ಬಂದ ಹಣದಿಂದ ಅಂಗಡಿಯವರಿಗೆ ಆಗುವ ಕಡಿತ, ಶೂನ್ಯ. ವೀಸಾ, ಮಾಸ್ಟರ್‌ಕಾರ್ಡ್ ಡೆಬಿಟ್ ಆದರೆ ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟಿರುವ ಅಂಗಡಿಗೆ ಶೇ 0.40ರವರೆಗೆ, ದೊಡ್ಡ ಅಂಗಡಿಗೆ ಶೇ 0.90ರವರೆಗೆ ಕಡಿತವಾಗಬಹುದು. 40,000 ರೂಪಾಯಿಯ ಫ್ರಿಜ್ ಕೊಂಡರೆ ದೊಡ್ಡ ಅಂಗಡಿಯವರಿಗೆ 360 ರೂಪಾಯಿವರೆಗೆ ಹೋಗುತ್ತದೆ. 'ಕಾರ್ಡ್ ಆದ್ರೆ ಒಂದು ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಸಾರ್' ಎಂಬ ಮಾತು ಬರುವುದು ಇಲ್ಲಿಂದಲೇ. ಡೆಬಿಟ್ ಕಾರ್ಡಿನಲ್ಲಿ ಆ ಶುಲ್ಕವನ್ನು ಗ್ರಾಹಕರ ಮೇಲೆ ಹಾಕುವಂತಿಲ್ಲ, ರೂಪೇಯಲ್ಲಂತೂ ಕೇಳುವುದಕ್ಕೆ ಕಾರಣವೇ ಇಲ್ಲ.

ರೂಪೇಯ ಇನ್ನೊಂದು ಅನುಕೂಲ ನಮ್ಮ ಮೆಟ್ರೋ. ಕಾರ್ಡಿನ ಮೇಲೆ ಎನ್‌ಸಿಎಂಸಿ (ಪ್ರಯಾಣಕ್ಕೂ ಬಳಸುವ ರಾಷ್ಟ್ರೀಯ ಸಾಮಾನ್ಯ ಕಾರ್ಡ್) ಗುರುತಿದ್ದರೆ ಅದೇ ಕಾರ್ಡನ್ನು ಗೇಟಿಗೆ ತಾಗಿಸಿ ಹೋಗಬಹುದು. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಮೆಟ್ರೋ ದುಡ್ಡು ಖಾತೆಯಿಂದ ನೇರ ಕಡಿತವಾಗುವುದಿಲ್ಲ, ಚಿಪ್ಪಿನೊಳಗಿನ ಪ್ರತ್ಯೇಕ ವಾಲೆಟ್‌ನಿಂದ ಹೋಗುತ್ತದೆ, ಅದರ ಮಿತಿ 2,000 ರೂಪಾಯಿ. ಆ್ಯಪ್‌ನಲ್ಲಿ 500 ತುಂಬಿದ ಕೂಡಲೇ ಅದು ಕಾರ್ಡಿಗೆ ಇಳಿದಿರುವುದಿಲ್ಲ. ನಿಲ್ದಾಣದ ಮಷೀನಿನಲ್ಲಿ ಅಥವಾ ಕೌಂಟರಿನಲ್ಲಿ ಕಾರ್ಡಿಟ್ಟು ಬ್ಯಾಲೆನ್ಸ್ ಅಪ್‌ಡೇಟ್ ಮಾಡಿಸಬೇಕು. ಅದನ್ನು ಬಿಟ್ಟು ನೇರ ಗೇಟಿಗೆ ಹೋದರೆ ಕೆಂಪು ದೀಪ ಹತ್ತುತ್ತದೆ, ಹಿಂದೆ ಸಾಲು ಬೆಳೆಯುತ್ತದೆ. ಈ ವಾಲೆಟ್ಟಿಗೆ ಪಿನ್ ಇಲ್ಲ, ಕಾರ್ಡ್ ಕಳೆದರೆ ಅದರೊಳಗಿನ ದುಡ್ಡೂ ಕಳೆದ ಹಾಗೆಯೇ. ಎರಡು ವಾರಕ್ಕೆ ಬೇಕಾದಷ್ಟು ಮಾತ್ರ ತುಂಬುವುದು ಲೇಸು.

ವೀಸಾ ಕಾರ್ಡ್ ಬೇಕಾಗುವುದು ಗಡಿ ದಾಟಿದಾಗ. ರೂಪೇಯ ಅಂತರರಾಷ್ಟ್ರೀಯ ಕಾರ್ಡ್ ಡಿಸ್ಕವರ್ ಎಂಬ ಅಮೆರಿಕದ ಕಾರ್ಡ್ ಜಾಲದ ಮೂಲಕ ಹೊರದೇಶದಲ್ಲೂ ನಡೆಯುತ್ತದೆ, ಭೂತಾನ್ ಮತ್ತು ಯುಎಇಯಲ್ಲಿ 2019ರಲ್ಲೇ ಶುರುವಾಗಿದೆ. ಆದರೂ ವಿದೇಶಿ ವಿಶ್ವವಿದ್ಯಾಲಯದ ಅರ್ಜಿ ಶುಲ್ಕ, ಸಾಫ್ಟ್‌ವೇರ್ ಚಂದಾ, ಹೋಟೆಲ್ ಬುಕಿಂಗ್‌ನಂಥ ಪುಟಗಳಲ್ಲಿ ಎಷ್ಟೋ ಸಲ ರೂಪೇ ನಂಬರ್ ಹಾಕುವುದಕ್ಕೇ ಆಗುವುದಿಲ್ಲ. ಗಲ್ಫಿನಲ್ಲಿ ದುಡಿಯುವ ಮಂಗಳೂರು, ಭಟ್ಕಳದವರು ಎನ್‌ಆರ್‌ಇ ಖಾತೆಗೆ (ಅನಿವಾಸಿ ಭಾರತೀಯರ ಖಾತೆ) ವೀಸಾ ಕಾರ್ಡ್ ಕೇಳಿ ಪಡೆಯುವುದೇ ಸರಿ. ಖರ್ಚು ಮಾತ್ರ ಗಮನದಲ್ಲಿರಲಿ: ವಿದೇಶಿ ಕರೆನ್ಸಿಯಲ್ಲಿ ಕೊಟ್ಟಾಗ ಬ್ಯಾಂಕ್ ಸಾಮಾನ್ಯವಾಗಿ ಶೇ 2ರಿಂದ 3.5ರವರೆಗೆ ಮಾರ್ಕಪ್ (ಹೆಚ್ಚುವರಿ ಶುಲ್ಕ) ಹಾಕಿ, ಅದರ ಮೇಲೆ ಜಿಎಸ್‌ಟಿ ಸೇರಿಸುತ್ತದೆ.

ಮಾಸ್ಟರ್‌ಕಾರ್ಡ್ ಬಳಕೆಯಲ್ಲಿ ವೀಸಾದಂತೆಯೇ. ದತ್ತಾಂಶವನ್ನು ಭಾರತದಲ್ಲೇ ಇಡಬೇಕೆಂಬ ನಿಯಮ ಪಾಲಿಸಲಿಲ್ಲವೆಂದು 2021ರ ಜುಲೈ 22ರಿಂದ 2022ರ ಜೂನ್‌ವರೆಗೆ ಹೊಸ ಗ್ರಾಹಕರಿಗೆ ಇದನ್ನು ಕೊಡುವುದಕ್ಕೆ ರಿಸರ್ವ್ ಬ್ಯಾಂಕ್ ತಡೆ ಹಾಕಿತ್ತು. ಆಗಲೂ ಹಳೆಯ ಕಾರ್ಡುಗಳು ನಿಂತಿರಲಿಲ್ಲ. ವೀಸಾ ಸಿಗುವುದಾದರೆ ಇದಕ್ಕಾಗಿ ಹಟ ಹಿಡಿಯಬೇಕಿಲ್ಲ.

ಕಾರ್ಡೇ ಬೇಡ, ಯುಪಿಐ ಇದೆಯಲ್ಲ ಎನ್ನುವವರಿದ್ದಾರೆ. ಎಟಿಎಂ ಪರದೆಯ ಕ್ಯೂಆರ್ ಸ್ಕ್ಯಾನ್ ಮಾಡಿ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು ನಿಜ, ಆದರೆ ಎಲ್ಲ ಎಟಿಎಂಗಳಲ್ಲಿ ಈ ಸೌಲಭ್ಯವಿಲ್ಲ. ಫೋನ್ ಬದಲಿಸಿ ಯುಪಿಐ ಪಿನ್ ಮರೆತರೆ ಕೇಳುವುದು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು. ಆಧಾರ್ ಒಟಿಪಿಯ ದಾರಿಯೂ ಇದೆ, ಆಧಾರ್ ಮತ್ತು ಬ್ಯಾಂಕ್ ಎರಡರಲ್ಲೂ ಒಂದೇ ಮೊಬೈಲ್ ನಂಬರ್ ಇದ್ದರೆ ಮಾತ್ರ.

ಒಟ್ಟಿನಲ್ಲಿ ನನ್ನ ಮತ ಇಷ್ಟು: ಸಂಬಳ, ದಿನಸಿ, ಮೆಟ್ರೋಕ್ಕೆ ರೂಪೇ. ಮನೆಯಲ್ಲಿ ಒಬ್ಬರಾದರೂ ಹೊರದೇಶದಲ್ಲಿ ಓದುತ್ತಿದ್ದರೆ, ದುಡಿಯುತ್ತಿದ್ದರೆ ಎರಡನೇ ಖಾತೆಗೆ ವೀಸಾ.

ಹೊಸ ಕಾರ್ಡ್ ಕೈಗೆ ಬಂದ ಮೇಲೆ ಅದೇ ಬ್ಯಾಂಕಿನ ಎಟಿಎಂಗೆ ಹೋಗಿ ಒಟಿಪಿ ಮೂಲಕ ಪಿನ್ ಹಾಕಿಕೊಂಡು, ಅಲ್ಲೇ 500 ರೂಪಾಯಿ ತೆಗೆಯಿರಿ. ಪಿನ್ ಒತ್ತಿ ಒಂದು ವ್ಯವಹಾರ ಮಾಡುವವರೆಗೆ ಟ್ಯಾಪ್ (ಕಾರ್ಡನ್ನು ಮಷೀನಿಗೆ ತಾಗಿಸಿ ಹಣ ಕೊಡುವುದು) ನಡೆಯದಿರಬಹುದು. ಟ್ಯಾಪ್, ಆನ್‌ಲೈನ್, ವಿದೇಶಿ ಬಳಕೆ ಮೂರೂ ಆಫ್ ಆಗಿಯೇ ಬರುತ್ತವೆ. 2020ರಿಂದ ನಿಯಮವೇ ಹಾಗಿದೆ, ಕಾರ್ಡ್ ಕೆಟ್ಟಿದೆಯೆಂದು ಶಾಖೆಗೆ ಓಡಬೇಡಿ. ಆ್ಯಪ್‌ನಲ್ಲಿ ಬೇಕಾದ್ದನ್ನು ಮಾತ್ರ ಆನ್ ಮಾಡಿ. ಪಿನ್ ಇಲ್ಲದ ಟ್ಯಾಪ್ 5,000 ರೂಪಾಯಿವರೆಗೆ ನಡೆಯುತ್ತದೆ, ಹಿರಿಯರ ಕಾರ್ಡಿನಲ್ಲಿ ಆ ಮಿತಿಯನ್ನು 500ಕ್ಕೆ ಇಳಿಸಿಡುವುದು ಒಳ್ಳೆಯದು.

ಸಾಲದ ಇಎಂಐ ಖಾತೆ ಸಂಖ್ಯೆಗೆ ಜೋಡಣೆಯಾಗಿದ್ದರೆ ಕಾರ್ಡ್ ಬದಲಾದರೂ ನಿಲ್ಲುವುದಿಲ್ಲ. ನಿಲ್ಲುವುದು ಕಾರ್ಡ್ ಮೂಲಕ ಹೋಗುವ ಓಟಿಟಿ, ಮೊಬೈಲ್ ಆಟೋಪೇ. ವಿಲೀನದಲ್ಲಿ ನಿಜವಾಗಿ ಕಾಡಿದ್ದು ಐಎಫ್‌ಎಸ್‌ಸಿ, ಅಂದರೆ ಹಣ ಕಳಿಸುವಾಗ ಶಾಖೆಯನ್ನು ಗುರುತಿಸುವ ಕೋಡ್. ಸಿಂಡಿಕೇಟಿನ ಎಸ್‌ವೈಎನ್‌ಬಿ ಎಂದು ಶುರುವಾಗುವ ಕೋಡ್‌ಗಳು 2021ರ ಜುಲೈ 1ರಿಂದ ನಿಂತು ಸಿಎನ್‌ಆರ್‌ಬಿ ಬಂತು. ವಿಜಯಾದ ಕೋಡ್‌ಗಳು ಅದೇ ವರ್ಷದ ಮಾರ್ಚ್ 1ಕ್ಕೇ ನಿಂತಿದ್ದವು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಖಾತೆಯನ್ನು ಮತ್ತೆ ವ್ಯಾಲಿಡೇಟ್ ಮಾಡದಿದ್ದರೆ ರೀಫಂಡ್ ಸಿಕ್ಕಿಬೀಳುತ್ತದೆ.

ಹಳೆಯ ಕಾರ್ಡನ್ನು ಕತ್ತರಿಸುವ ಮುಂಚೆ ಅದರ ಮೆಟ್ರೋ ವಾಲೆಟ್ ಖಾಲಿ ಮಾಡಿ, ಆ ಹಣ ಹೊಸ ಕಾರ್ಡಿಗೆ ತಾನಾಗಿ ಬರುವುದಿಲ್ಲ. ಆಮೇಲೆ ಚಿಪ್ಪಿನ ನಡುವೆ ಒಂದು, ಹಿಂಬದಿಯ ಕಪ್ಪು ಪಟ್ಟಿಗೆ ಅಡ್ಡಲಾಗಿ ಇನ್ನೊಂದು ಕತ್ತರಿ ಹಾಕಿ.