ಚೀನಾದ ಹಬ್ಬದ ವರ್ಕ್‌ಶಾಪ್‌: ಎಲೆಯೋ, ಕತ್ತರಿಯೋ, ಮರದಚ್ಚೋ?

ಚೀನಾದ ಪ್ರವಾಸಿ ಊರುಗಳಲ್ಲಿ ಈಗ ‘ನೀವೇ ಮಾಡಿ ನೋಡಿ’ ಅನ್ನುವ ತರಗತಿಗಳು ಬೇಕಾದಷ್ಟಿವೆ. ಎಲ್ಲದಕ್ಕೂ ದುಡ್ಡು ಸುರಿಯಬೇಕಿಲ್ಲ. ನಾನು ಕೂತು ಮಾಡಿದವುಗಳಲ್ಲಿ ಜೋಂಗ್‌ಜಿ ಕಟ್ಟುವುದಕ್ಕೇ ನನ್ನ ಮೊದಲ ಮತ.

ಜೋಂಗ್‌ಜಿ ಅಂದರೆ ಅಂಟಕ್ಕಿಯನ್ನು ಬಿದಿರೆಲೆಯಲ್ಲಿ ಕಟ್ಟಿ ಬೇಯಿಸುವ ತಿಂಡಿ. ಚೀನೀ ಪಂಚಾಂಗದ ಐದನೇ ತಿಂಗಳ ಐದನೇ ದಿನ ಬರುವ ಡ್ರಾಗನ್ ಬೋಟ್ ಹಬ್ಬಕ್ಕೆ ಇದು ಇರಲೇಬೇಕು. ಮಿಲುವೊ ನದಿಗೆ ಹಾರಿದ ಕವಿ ಚ್ಯು ಯುವಾನ್‌ನ ದೇಹವನ್ನು ಮೀನು ಮುಟ್ಟದಿರಲಿ ಅಂತ ಜನ ನೀರಿಗೆ ಅನ್ನ ಎಸೆದರು ಅನ್ನುವ ಕಥೆ ಇದರ ಹಿಂದಿದೆ. ಕರಾವಳಿಯ ಕೊಟ್ಟೆ ಕಡುಬು ತಿಂದವರಿಗೆ ಎಲೆಯ ಅಡುಗೆ ಹೊಸದೇನಲ್ಲ. ಆದರೆ ಹಲಸಿನೆಲೆಗೆ ನಾವು ಕಡ್ಡಿ ಚುಚ್ಚುತ್ತೇವೆ, ಇಲ್ಲಿ ಬರೀ ಮಡಿಕೆ ಮತ್ತು ದಾರ. ಎರಡು ಎಲೆ ಜೋಡಿಸಿ ಕೋನ್ ಮಾಡಬೇಕು. ತುದಿಯಲ್ಲಿ ಚೂರು ತೂತು ಉಳಿದರೂ ಅಕ್ಕಿ ಅಲ್ಲಿಂದಲೇ ಸೋರುತ್ತದೆ. ನೆನೆಸಿದ ಅಕ್ಕಿ ತುಂಬಿ, ನಡುವೆ ಒಣಗಿದ ಕೆಂಪು ಎಲಚಿ ಹಣ್ಣು ಇಟ್ಟು, ಉಳಿದ ಎಲೆಯನ್ನು ಮೇಲೆ ಮಗುಚಬೇಕು. ದಾರ ಸುತ್ತುವಾಗಲೇ ಕಷ್ಟ. ಒಂದು ಕೈ ಪೂರ್ತಿ ಎಲೆ ಹಿಡಿಯೋದಕ್ಕೇ ಬೇಕು. ಹೇಳಿಕೊಟ್ಟ ಆಂಟಿ ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿ ಸರಸರ ಸುತ್ತಿ ಬಿಗಿದುಬಿಟ್ಟರು. ಮಾತಿಲ್ಲ, ಕಥೆಯಿಲ್ಲ. ಸುಮ್ನೆ ನೋಡಿಯೇ ಕಲಿಯಬೇಕು.

ಬೇಯೋದಕ್ಕೆ ಗಂಟೆಗಟ್ಟಲೆ ಬೇಕು. ಹಾಗಾಗಿ ಕೆಲವರು ನೀವು ಕಟ್ಟಿದ್ದನ್ನು ಇಟ್ಟುಕೊಂಡು, ಬೆಂದದ್ದು ಬೇರೆ ಕೊಡುತ್ತಾರೆ. ಇದು ನನಗೆ ಹಿಡಿಸಲಿಲ್ಲ. ಸಸ್ಯಾಹಾರಿಗಳು ಒಳಗೇನಿದೆ ಅಂತ ಮೊದಲೇ ಕೇಳಿ. ಉತ್ತರದ ಕಡೆ ಸಿಹಿ ಜಾಸ್ತಿ, ಆದರೆ ಶಾಂಘೈ ಹತ್ತಿರದ ಜಿಯಾಶಿಂಗ್ ಹೆಸರಾಗಿರುವುದೇ ಹಂದಿಮಾಂಸದ ಜೋಂಗ್‌ಜಿಗೆ.

ಮಕ್ಕಳು ಜೊತೆಗಿದ್ದರೆ ಪೇಪರ್ ಕಟಿಂಗ್ ವಾಸಿ. ವಸಂತ ಹಬ್ಬಕ್ಕೆ, ಅಂದರೆ ಚೀನೀ ಹೊಸ ವರ್ಷಕ್ಕೆ, ಕಿಟಕಿಗೆ ಅಂಟಿಸುವ ಕೆಂಪು ಚಿತ್ತಾರ ಇದೇ. 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕತ್ತರಿ ಹೆಚ್ಚು ಅಲುಗಿಸದೆ ಕಾಗದವನ್ನೇ ತಿರುಗಿಸುತ್ತಾ ಹೋಗಬೇಕು. ಒಳಗಿನ ಸಣ್ಣ ತೂತುಗಳು ಮೊದಲು, ಹೊರಗಿನ ಅಂಚು ಕೊನೆಗೆ. ಅಂಚು ಮೊದಲೇ ಕತ್ತರಿಸಿದರೆ ಹಿಡಿಯೋದಕ್ಕೆ ಏನೂ ಉಳಿಯೋದಿಲ್ಲ, ಅಲ್ವಾ? ಮಡಿಸಿ ಕತ್ತರಿಸುವುದರಿಂದ ಕೈ ಸ್ವಲ್ಪ ಸೊಟ್ಟಗೆ ಹೋದರೂ ಬಿಚ್ಚಿದಾಗ ಎರಡೂ ಕಡೆ ಒಂದೇ ಥರ ಸೊಟ್ಟ. ಚೆನ್ನಾಗಿಯೇ ಕಾಣುತ್ತದೆ!

ಹೊಸ ವರ್ಷದ ಮರದಚ್ಚಿನ ಚಿತ್ರಗಳ ಮೇಲೆ ನನಗೆ ಆಸೆ ಜಾಸ್ತಿ ಇತ್ತು. ತಿಯಾಂಜಿನ್ ಪಕ್ಕದ ಯಾಂಗ್‌ಲಿಯೂಚಿಂಗ್‌ನಲ್ಲಿ ಗೆರೆಗಳನ್ನು ಅಚ್ಚು ಹಾಕಿ, ಬಣ್ಣ ಕುಂಚದಲ್ಲಿ ತುಂಬುತ್ತಾರೆ. ಸುಝೌನ ತಾವ್‌ಹುವಾವು ಶೈಲಿಯಲ್ಲಿ ಬಣ್ಣಕ್ಕೊಂದು ಅಚ್ಚು. ಕಲೆ ದೊಡ್ಡದು, ತರಗತಿ ಚಿಕ್ಕದು. ಅಚ್ಚು ಮೊದಲೇ ಕೆತ್ತಿಟ್ಟಿರುತ್ತಾರೆ. ಮಸಿ ಹಚ್ಚು, ಕಾಗದ ಹಾಸು, ಬ್ರಶ್‌ನಿಂದ ಉಜ್ಜು, ಮುಗೀತು. ಇದಕ್ಕಿಂತ ಅಲ್ಲಿನ ಕುಶಲಕರ್ಮಿ ಕೆತ್ತುವುದನ್ನು ನೋಡುತ್ತಾ ನಿಲ್ಲುವುದೇ ಮೇಲು.

ಸಿಚುವಾನ್‌ನ ಸಕ್ಕರೆ ಪಾಕದ ಚಿತ್ರ ಕೊನೆಗೆ. ಕಲ್ಲಿನ ಮೇಲೆ ಸೌಟಿನಿಂದ ಬಿಸಿ ಪಾಕ ಎಳೆ ಎಳೆಯಾಗಿ ಸುರಿಯಬೇಕು, ಕ್ಷಣದಲ್ಲಿ ಗಟ್ಟಿಯಾಗುತ್ತದೆ. ತಿನ್ನೋದಕ್ಕೆ ಮಜಾ. ಆದರೆ ಸೌಟು ನಿಮ್ಮ ಕೈಲಿ ಇರುವುದು ತೀರಾ ಸ್ವಲ್ಪ ಹೊತ್ತು.

ಜೋಂಗ್‌ಜಿಗೆ ಹೋಗುವುದಾದರೆ ಹಬ್ಬದ ಹಿಂದಿನ ವಾರ ನೋಡಿ, ಸಾಮಾನ್ಯವಾಗಿ ಜೂನ್‌ನಲ್ಲಿ ಬರುತ್ತದೆ. ಪೇಪರ್ ಕಟಿಂಗ್‌ಗೆ ವಸಂತ ಹಬ್ಬದ ಮುಂಚೆಯೇ ಹೋಗಿ. ಹಬ್ಬದ ದಿನಗಳಲ್ಲಿ ಹೇಳಿಕೊಡುವವರೇ ಊರಿಗೆ ಹೊರಟಿರುತ್ತಾರೆ, ಎಷ್ಟೋ ಸಣ್ಣ ಅಂಗಡಿಗಳ ಬಾಗಿಲೂ ಹಾಕಿರುತ್ತದೆ.